ಐದು ಅಡಿ ಆಳದ ಈರುಳ್ಳಿ ಸಿಪ್ಪೆ

ಆ ಊರಿನಲ್ಲಿ ತೊಗರಿಬೇಳೆ ಬೇಯಬೇಕಾದರೆ ಸೇದುವ ಬಾವಿಯ ನೀರೇ ಆಗಬೇಕು. ಕೊಳವೆಬಾವಿಯ ನೀರು ಸವಳು, ಅದರಲ್ಲಿ ಎಷ್ಟು ಹೊತ್ತು ಕುದಿಸಿದರೂ ಬೇಳೆ ಜಪ್ಪಯ್ಯ ಅನ್ನುವುದಿಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲಿ ತುಂಗಭದ್ರೆಯ ಹಿನ್ನೀರಿಗೆ ಅಂಟಿಕೊಂಡ ಊರು ಅದು. ಬೇಸಿಗೆಯಲ್ಲಿ ಹಿನ್ನೀರು ದೂರ ಸರಿದು ದಂಡೆಯ ಎರೆ ಮಣ್ಣೆಲ್ಲ ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ಅದೇ ನೀರು ಏರಿ ಬಾವಿಯ ಹತ್ತಿರಕ್ಕೇ ಬಂದು ನಿಲ್ಲುತ್ತದೆ. ಬಾವಿಯ ಒಂದು ಕಡೆ ಈ ದಂಡೆ, ಇನ್ನೊಂದು ಕಡೆ ಒಬ್ಬ ಹೆಣ್ಣುಮಗಳ ಮೆಣಸಿನಕಾಯಿ ಹೊಲ. ಆ ಹೊಲದ ಪ್ಲಾಸ್ಟಿಕ್ಕು ಮಣ್ಣಿನೊಳಗೆ ಸಾಗಿ ಬಾವಿ ಸೇರುತ್ತಿದೆಯೇ ಎಂದು ನೋಡಲು ನನ್ನನ್ನು ಕರೆದಿದ್ದರು.

ಕರೆದವರು ಪಂಚಾಯ್ತಿ ಅಧ್ಯಕ್ಷರು. ಕೊಟ್ಟೂರಿನ ಕಾಲೇಜೊಂದರಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತೇನೆ. ಕಣ್ಣಿಗೆ ಕಂಡೂ ಕಾಣದಂಥ ಪ್ಲಾಸ್ಟಿಕ್ ಚೂರುಗಳು, ಅಂದರೆ ಮೈಕ್ರೊಪ್ಲಾಸ್ಟಿಕ್ಕು, ಮಣ್ಣಿನಲ್ಲಿ ಹೇಗೆ ಇಳಿಯುತ್ತವೆ ಎಂದು ಕೂಡ್ಲಿಗಿಯ ಕೆಂಪು ಮಣ್ಣಿನಲ್ಲಿ ನೋಡಿದ್ದೆ. ಅದನ್ನು ಯಾರೋ ಅವರ ಕಿವಿಗೆ ಹಾಕಿದ್ದರು. ಅವರು ಪ್ರಯೋಗಶಾಲೆಯ ಬಾಗಿಲಲ್ಲೇ ನಿಂತು ವಿಷಯ ಹೇಳಿದರು. ಬಾವಿಯ ಪಕ್ಕದ ಮನೆಯ ಸೊಸೆ ನೀರು ಸೋಸಿದಾಗ ಬಟ್ಟೆಯ ಮೇಲೆ ಬೆಳ್ಳಿಯಂಥ ಹೊಟ್ಟು ಮಿನುಗಿತಂತೆ. ಊರಿನಲ್ಲಿ ಮಲ್ಚಿಂಗ್ ಪೇಪರ್, ಅಂದರೆ ಮೇಲೆ ಬೆಳ್ಳಿ, ಅಡಿಗೆ ಕಪ್ಪು ಬಣ್ಣದ ಪ್ಲಾಸ್ಟಿಕ್ ಹಾಳೆ ಹಾಸಿ ಬೆಳೆ ಬೆಳೆಯುವುದು ಬಾವಿಯ ಮಗ್ಗುಲ ಹೊಲದಲ್ಲಿ ಮಾತ್ರ.

"ಮುಂಗಾರಿಗಿಂತ ಮೊದ್ಲ ಗ್ರಾಮಸಭಾ ಐತ್ರಿ ಮೇಡಂ. ಮಣ್ಣಿನಾಗಿಂದ ಬರತೈತಿ ಅಂದ್ರ ಆ ಹೊಲ ಬೀಳು ಬಿಡಸಬೇಕು ಅಂತಾರ ಮಂದಿ. ಬರಲ್ಲ ಅಂದ್ರ ಹಂಗ ಬರದು ಕೊಡ್ರಿ. ಎರಡರಾಗ ಒಂದು," ಅಂದರು.

ಎರಡರಲ್ಲಿ ಒಂದು ಹೇಳುವುದೇನು ಮಹಾ ಎಂದುಕೊಂಡೆ. ನನಗೆ ನನ್ನ ಕೆಲಸದ ಬಗ್ಗೆ ಜಂಬ ಇದೆ, ಮುಚ್ಚಿಡುವುದಿಲ್ಲ.

ಮೊದಲ ದಿನ ಹೊಲದ ಒಡತಿ ಬದುವಿನ ಮೇಲೆ ನಿಂತೇ ಮಾತಾಡಿದರು. ನಲವತ್ತು ದಾಟಿದ, ಗಟ್ಟಿ ದನಿಯ ಹೆಂಗಸು. ಅವರ ಮನೆಗೆ ನೀರಾವರಿ ಅಂತ ಇರುವುದು ಇದೊಂದೇ ತುಂಡು. ಉಳಿದದ್ದೆಲ್ಲ ಮಳೆ ನಂಬಿದ ಹೊಲ.

"ಮಣ್ಣು ಒಯ್ಯಾಕ ಬಂದೀರಿ, ಒಯ್ರಿ. ನನ್ನ ಪೇಪರಿಂದ ಬಾವಿ ಕೆಡತೈತಿ ಅಂದ್ರ ನಾನ ಕಿತ್ತು ಒಗೀತೀನಿ, ಯಾರೂ ಹೇಳಾದು ಬ್ಯಾಡ. ಆದ್ರ ನೋಡಿ ಹೇಳ್ರಿ. ನೋಡದ ಹೇಳಬ್ಯಾಡ್ರಿ."

"ನೋಡದೆ ಹೇಳೋಳು ನಾನಲ್ಲ ಅಕ್ಕಾರ," ಅಂದೆ.

ಬಾವಿಯ ಪಕ್ಕದ ಮನೆಯ ಸೊಸೆ ಇವರಿಗೆ ದೂರದ ನಂಟಸ್ತಿಯಲ್ಲಿ ತಂಗಿಯಾಗಬೇಕು. ಇಬ್ಬರೂ ಒಂದೇ ವರ್ಷ ಆ ಊರಿಗೆ ಸೊಸೆಯರಾಗಿ ಬಂದವರು, ಅಂದಿನಿಂದ ಜೊತೆಯಾಗಿ ನೀರಿಗೆ ಹೋಗುತ್ತಿದ್ದವರು. ಬೆಳ್ಳಿ ಹೊಟ್ಟು ಕಂಡ ಮೇಲೆ ಆ ತಂಗಿ ಇವರನ್ನು ನೀರಿಗೆ ಕೂಗುವುದನ್ನು ನಿಲ್ಲಿಸಿದ್ದಳು. ಈಗ ಇವರು ಬಾವಿಗೆ ಬಂದರೆ ಉಳಿದ ಹೆಂಗಸರು ತಮ್ಮ ಕೊಡ ಎತ್ತಿಕೊಂಡು ಆಚೆ ಸರಿಯುತ್ತಿದ್ದರು. ಇದನ್ನೆಲ್ಲ ಅವರಾಗಿ ಹೇಳಲಿಲ್ಲ. ನಾನೇ ಆ ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ನಿಂತಿದ್ದಾಗ ಕಂಡೆ, ಉಳಿದದ್ದನ್ನು ಅಲ್ಲಿದ್ದವರಿಂದ ಕೇಳಿದೆ.

ಗುಂಡಿ ತೋಡಲು ಹಡಗಲಿ ತಾಲ್ಲೂಕಿನ ಇಟ್ಟಿಗಿಯಿಂದ ಒಬ್ಬ ಅಜ್ಜನನ್ನು ಕರೆಸಿದೆ. ಜೋಳ ತುಂಬಿಡುವ ನೆಲದೊಳಗಿನ ಕಣಜವನ್ನು ನಮ್ಮ ಕಡೆ ಹಗೇವು ಅನ್ನುತ್ತಾರೆ. ಈ ಅಜ್ಜ ಹರೆಯದಲ್ಲಿ ಊರೂರು ತಿರುಗಿ ಹಗೇವು ತೋಡಿದವರು. ಜೆಸಿಬಿಯಿಂದ ತೋಡಿಸಬಾರದು ಎಂದು ನನ್ನ ಹಠ. ಅದರ ಹಲ್ಲು ಮೇಲಿನ ಮಣ್ಣನ್ನು ಕೆಳಗಿನದಕ್ಕೆ ಬೆರೆಸಿಬಿಡುತ್ತದೆ, ಯಾವ ಚೂರು ಯಾವ ಆಳದ್ದು ಎಂದು ಆಮೇಲೆ ದೇವರಿಗೂ ಗೊತ್ತಾಗುವುದಿಲ್ಲ. ಹೊಲದಲ್ಲಿ ಎರಡು ಗುಂಡಿ, ಐದೈದು ಅಡಿ ಆಳ, ಗೋಡೆ ನೆಟ್ಟಗಿರಬೇಕು ಎಂದಷ್ಟೇ ಹೇಳಿ ಬಂದೆ. ತೋಡುವ ಎರಡು ದಿನ ನಾನು ಅಲ್ಲಿರಲಿಲ್ಲ. ಕಾಲೇಜಿನಲ್ಲಿ ಪ್ರಾಯೋಗಿಕ ಪರೀಕ್ಷೆ ನಡೆಯುತ್ತಿತ್ತು.

ಮೂರನೆಯ ದಿನ ಹೋಗಿ ನೋಡಿದರೆ ಗುಂಡಿಯ ಗೋಡೆಗಳು ಸಾರಿಸಿದ ಪಡಸಾಲೆಯಷ್ಟು ನುಣುಪು. ಒಂದು ಬಿರುಕಿಲ್ಲ, ಒಂದು ಹೆಂಟೆ ಹೊರಗೆ ಚಾಚಿಲ್ಲ. ಇಂಥ ಗುಂಡಿಯನ್ನು ನಾನು ಪುಸ್ತಕದಲ್ಲೂ ಕಂಡಿರಲಿಲ್ಲ. "ಅಜ್ಜಾರ, ಭಾಳ ಚಲೋ ಮಾಡೀರಿ," ಎಂದು ಹೊಗಳಿ ನಾಲ್ಕು ದಿಕ್ಕಿನಿಂದ ಫೋಟೊ ತೆಗೆದುಕೊಂಡೆ. ಬೇಸಿಗೆಯ ಎರೆ ಮಣ್ಣಿನಲ್ಲಿ ಬಿರುಕಿಲ್ಲದ ಗೋಡೆ ಎಲ್ಲಿಂದ ಬಂತು ಎಂದು ಆಗಲೇ ಕೇಳಬೇಕಿತ್ತು. ಕೇಳಲಿಲ್ಲ.

ಮಣ್ಣು ತೆಗೆಯುವಾಗ ಮಾತ್ರ ನನ್ನ ಮಡಿ ಯಾವ ಮಡಿಗೂ ಕಡಿಮೆಯಿಲ್ಲ. ಉಡುವುದು ಹತ್ತಿಯ ಸೀರೆ, ಏಕೆಂದರೆ ಪಾಲಿಯೆಸ್ಟರ್ ಸೀರೆಯ ನೂಲು ಉದುರಿ ಮಣ್ಣಿಗೆ ಬಿದ್ದರೆ ಅದೇ ಎಣಿಕೆಗೆ ಬರುತ್ತದೆ. ಚಾಕು ಸ್ಟೀಲಿನದು, ಡಬ್ಬಿ ಸ್ಟೀಲಿನದು, ಚೀಟಿ ಬರೆಯುವುದು ಸೀಸದ ಕಡ್ಡಿಯಲ್ಲಿ. ಗೋಡೆಯ ಮೇಲ್ಮೈಯನ್ನು ಒಂದು ಬೆರಳು ದಪ್ಪ ಕೆತ್ತಿ ಬಿಸಾಕಿ, ಕೆಳಗಿನಿಂದ ಮೇಲಕ್ಕೆ ಅಡಿಗೊಂದರಂತೆ ಡಬ್ಬಿ ತುಂಬಿದೆ. ಕೆಳಗಿನಿಂದ ಶುರು ಮಾಡಿದರೆ ಮೇಲಿನ ಮಣ್ಣು ಉದುರಿ ಕೆಳಗಿನದು ಕೆಡುವುದಿಲ್ಲ. ಅಜ್ಜ ಮೇಲೆ ಕೂತು ಬೀಡಿ ಸೇದುತ್ತ ನನ್ನ ಪೂಜೆಯನ್ನು ನೋಡುತ್ತಿದ್ದರು.

"ಇಷ್ಟು ಮಡಿಲೆ ನಮ್ಮ ಮನ್ಯಾಗ ಹೋಳಿಗೀನೂ ಮಾಡಾದಿಲ್ಲ ಬಿಡ್ರಿ," ಅಂದರು.

ಕೊಟ್ಟೂರಿಗೆ ತಂದ ಮಣ್ಣನ್ನು ನೀರಿನಲ್ಲಿ ನೆನೆಸಬೇಕು. ಒಣಗಿದ ಎರೆಯ ಹೆಂಟೆ ಕಲ್ಲಿದ್ದಂತೆ. ಅದನ್ನು ಕುಟ್ಟಿದರೆ ಒಳಗಿನ ಪ್ಲಾಸ್ಟಿಕ್ಕೂ ಪುಡಿಯಾಗಿ ಒಂದು ಚೂರು ಹತ್ತಾಗುತ್ತದೆ. ಆದ್ದರಿಂದ ಒಂದು ಇರುಳು ನೆನೆಸಿ, ಬೆರಳಿನಿಂದ ಬಿಡಿಸಿ, ಸ್ಟೀಲಿನ ಜರಡಿಯಲ್ಲಿ ಸೋಸಿ, ಆಮೇಲೆ ಉಪ್ಪು ನೀರಿಗೆ ಹಾಕುತ್ತೇನೆ. ಇನ್ನು ಕರಗುವುದಿಲ್ಲ ಅನ್ನುವಷ್ಟು ಹರಳುಪ್ಪು ಹಾಕಿದ ನೀರಿನಲ್ಲಿ ಮಣ್ಣು ತಳಕ್ಕಿಳಿಯುತ್ತದೆ, ಮಲ್ಚಿಂಗ್ ಪೇಪರಿನ ಚೂರು, ಬಲೆಯ ನೈಲಾನ್ ಎಳೆ ಮೇಲೆ ತೇಲುತ್ತವೆ. ಉಪ್ಪಿನಲ್ಲೇ ಪ್ಲಾಸ್ಟಿಕ್ ಇರುವುದರಿಂದ ಆ ನೀರನ್ನು ಮೊದಲೇ ಸೋಸಿಟ್ಟುಕೊಳ್ಳಬೇಕು. ಮಣ್ಣೇ ಇಲ್ಲದ ಬರೀ ಉಪ್ಪು ನೀರಿನ ಒಂದು ಬೀಕರನ್ನು ಪಕ್ಕದಲ್ಲಿಟ್ಟು ಅದಕ್ಕೂ ಇದೇ ಉಪಚಾರ ಮಾಡುತ್ತೇನೆ. ಅದರಲ್ಲಿ ಚೂರು ಕಂಡರೆ ತಪ್ಪು ನಮ್ಮ ಕೋಣೆಯದು ಎಂದು ಗೊತ್ತಾಗುತ್ತದೆ. ತೇಲಿದ್ದನ್ನೆಲ್ಲ ಬಳಿದು ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಇಟ್ಟರೆ ಬೇರು, ಹೊಟ್ಟು, ಎಲೆ ಕರಗುತ್ತವೆ. ಉಳಿದದ್ದನ್ನು ಸೂಕ್ಷ್ಮದರ್ಶಕದಡಿ ಇಟ್ಟು ಕಾಯಿಸಿದ ಸೂಜಿ ಮುಟ್ಟಿಸುತ್ತೇನೆ. ಪ್ಲಾಸ್ಟಿಕ್ ಆದರೆ ಮುದುಡಿ ಕರಗುತ್ತದೆ, ಬೇರಿನ ಚೂರಾದರೆ ಸುಟ್ಟು ಕರಿಯಾಗುತ್ತದೆ.

ಸೂಜಿ ಮುಟ್ಟಿಸಿದಲ್ಲೆಲ್ಲ ಮುದುಡಿತು. ಚೂರಿನ ಒಂದು ಮೈ ಬೆಳ್ಳಿ, ಇನ್ನೊಂದು ಮೈ ಕಪ್ಪು. ಹೊಲದ ಪೇಪರಿನ ಚೂರುಗಳೇ. ಮೊದಲ ಅಡಿಯಲ್ಲಿ ಇದ್ದವು, ಎರಡರಲ್ಲಿ ಇದ್ದವು, ಐದನೆಯದರಲ್ಲೂ ಇದ್ದವು. ಪಕ್ಕದ ಖಾಲಿ ಬೀಕರು ಸ್ವಚ್ಛವಾಗಿತ್ತು. ಅಂದರೆ ನಮ್ಮ ಕೋಣೆಯದು ತಪ್ಪಿಲ್ಲ. ಖುಷಿಯಾಯಿತು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಆಗ ಖುಷಿಯೇ ಆಯಿತು. ಇಷ್ಟು ಆಳದವರೆಗೆ ಇಳಿದದ್ದನ್ನು ನಾನು ಎಲ್ಲೂ ಕಂಡಿರಲಿಲ್ಲ.

ಅದೇ ಸಂಜೆ ಅಧ್ಯಕ್ಷರ ಫೋನು ಬಂತು. ಇನ್ನೊಂದು ಗುಂಡಿಯ ಡಬ್ಬಿಗಳನ್ನು ಬಿಚ್ಚಿಯೂ ಇರಲಿಲ್ಲ. "ಏನಾತ್ರಿ ಮೇಡಂ?" ಎಂದು ಕೇಳಿದರು. "ಐದು ಅಡಿವರೆಗೂ ಇಳಿದದ ನೋಡ್ರಿ. ಬಾವಿ ಕಡೆ ಹೊಂಟಂಗ ಕಾಣತೈತಿ," ಅಂದುಬಿಟ್ಟೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮರುದಿನ ಮಧ್ಯಾಹ್ನದೊಳಗೆ ಊರಿಗೆ ಊರೇ ನನ್ನ ಮಾತನ್ನು ಬಾಯಿಪಾಠ ಮಾಡಿತ್ತು. ಕೊಟ್ಟೂರಿನ ಮೇಡಂ ಹೇಳ್ಯಾರ, ಆಕೆಯ ಹೊಲದ ವಿಷ ಬಾವಿಗೆ ಬಂದೈತಿ, ಗ್ರಾಮಸಭೆಯಲ್ಲಿ ಹೊಲ ಬೀಳು ಬಿಡಿಸುವುದೇ ಬಾಕಿ. ವಿಷ ಅನ್ನುವ ಪದ ನಾನು ಆಡಿರಲಿಲ್ಲ. ಅದು ದಾರಿಯಲ್ಲಿ ಸೇರಿಕೊಂಡಿತ್ತು.

ಎರಡನೆಯ ಗುಂಡಿಯ ಡಬ್ಬಿಗಳನ್ನು ಬಿಚ್ಚಿದಾಗ ಖುಷಿ ಇಳಿಯತೊಡಗಿತು. ಅದರಲ್ಲೂ ಅಷ್ಟೇ, ಐದೂ ಅಡಿಗಳಲ್ಲಿ ಹೆಚ್ಚು ಕಡಿಮೆ ಒಂದೇ ಸಮ. ಮಣ್ಣಿನಲ್ಲಿ ಯಾವುದೂ ಹೀಗೆ ಇಳಿಯುವುದಿಲ್ಲ. ಉಪ್ಪು ಇಳಿಯುವುದಿಲ್ಲ, ಗೊಬ್ಬರ ಇಳಿಯುವುದಿಲ್ಲ, ನೀರು ಸಹ ಇಳಿಯುವುದಿಲ್ಲ. ಮೇಲೆ ಹೆಚ್ಚು ಇರಬೇಕು, ಕೆಳಗೆ ಕಡಿಮೆ ಇರಬೇಕು, ನಡುವೆ ಎಲ್ಲೋ ಒಂದು ಕಡೆ ತಡೆದು ಗುಡ್ಡೆಯಾಗಿರಬೇಕು. ಕೂಡ್ಲಿಗಿಯ ಮರಳು ಮಿಶ್ರಿತ ಕೆಂಪು ಮಣ್ಣಿನಲ್ಲೂ ಹಾಗೇ ಇತ್ತು. ನೆನೆಸದೆ ಉಳಿಸಿದ್ದ ಐದನೆಯ ಅಡಿಯ ಮಣ್ಣನ್ನು ಬಿಳಿ ತಟ್ಟೆಗೆ ಸುರಿದು ಇಕ್ಕಳದಿಂದ ಕೆದಕಿದೆ. ಕೆಂಪಗಿನ ತೆಳು ಪೊರೆಯೊಂದು ಸಿಕ್ಕಿತು. ಹಿಡಿದು ನೋಡಿದರೆ ಈರುಳ್ಳಿ ಸಿಪ್ಪೆ. ಇನ್ನೂ ಬಣ್ಣ ಕಳೆದುಕೊಂಡಿರಲಿಲ್ಲ. ಉಳಿದ ಡಬ್ಬಿಗಳನ್ನು ಕೆದಕಿದರೆ ಅವುಗಳಲ್ಲೂ ಸಿಕ್ಕಿತು. ಮೆಣಸಿನಕಾಯಿಗೆ ಮೊದಲು ಆ ಹೊಲದಲ್ಲಿ ಈರುಳ್ಳಿ ಇತ್ತು. ಐದು ಅಡಿ ಕೆಳಗೆ, ಎರಡೂ ಗುಂಡಿಗಳಲ್ಲಿ, ಎಲ್ಲ ಆಳಗಳಲ್ಲಿ ಈರುಳ್ಳಿ ಸಿಪ್ಪೆ ಸಿಗಬೇಕಾದರೆ ಅದಕ್ಕೆ ಕಾಲು ಬಂದಿರಬೇಕು, ಇಲ್ಲ ಯಾರಾದರೂ ಕೈಯಾರೆ ಒಯ್ದು ಇಟ್ಟಿರಬೇಕು.

ಮರುದಿನ ಹಡಗಲಿ ಬಸ್ಸು ಹಿಡಿದು ಇಟ್ಟಿಗಿಗೆ ಹೋದೆ. ಅಜ್ಜ ಕಟ್ಟೆಯ ಮೇಲೆ ಕೂತು ಗುದ್ದಲಿಗೆ ಕಾವು ಹಾಕುತ್ತಿದ್ದರು. ನೇರವಾಗಿ ಕೇಳಿದೆ: "ಅಜ್ಜಾರ, ಗುಂಡಿ ತೋಡಿದ ಮ್ಯಾಲೆ ಗ್ವಾಡಿಗೆ ಏನರ ಮಾಡಿದ್ರೇನು?"

"ಮೆತ್ತೀನಲ್ಲರಿ!" ಅಂದರು ಹೆಮ್ಮೆಯಿಂದ. "ಮ್ಯಾಲಿನ ಮಣ್ಣು ಭಾಳ ನುಣ್ಣಗಿತ್ತು. ನೀರು ಹಾಕಿ ಕಲಸಿ, ಎರಡು ಬಟ್ಟು ದಪ್ಪ ಮೆತ್ತಿ, ಅಂಗೈಲೆ ತಿಕ್ಕೀನಿ. ತೋಡಿ ಹಂಗ ಬಿಟ್ಟು ಬಂದ್ರ ಮಂದಿ ನಮ್ಮ ಕೈಗೆ ಏನಂತಾರ? ನೀವು ನೋಡಿ ಚಲೋ ಆಗೈತಿ ಅಂದ್ರಲ್ಲ?"

ಅಂದಿದ್ದೆ. ಫೋಟೊ ಕೂಡ ತೆಗೆದಿದ್ದೆ. ಅಜ್ಜ ಮೆತ್ತಿದ್ದು ಎರಡು ಬೆರಳು, ನಾನು ಕೆತ್ತಿದ್ದು ಒಂದು ಬೆರಳು. ಹೊಲದ ಮೇಲ್ಮಣ್ಣನ್ನು ಐದು ಅಡಿಗೂ ಬಳಿದ ಗೋಡೆಯಿಂದ ನಾನು ಹತ್ತು ಡಬ್ಬಿ ಮೇಲ್ಮಣ್ಣನ್ನೇ ತುಂಬಿ ತಂದಿದ್ದೆ. ಮೊದಲು ಸಿಟ್ಟು ಬಂತು, ಆಮೇಲೆ ಯಾರ ಮೇಲೆ ಅಂತ ತಿಳಿಯದೆ ಅವರ ಕಟ್ಟೆಯ ಮೇಲೆ ಕೂತುಬಿಟ್ಟೆ. ಹಗೇವು ತೋಡುವವರನ್ನು ಕರೆದು ಗೋಡೆ ಮೆತ್ತಬೇಡಿ ಎಂದು ಹೇಳದೆ ಬಂದವಳು ನಾನು. ಅವರು ತಮ್ಮ ಕೆಲಸವನ್ನು ಸರಿಯಾಗಿ ಮಾಡಿದ್ದರು, ನಾನು ನನ್ನದನ್ನು ಮಾಡಿರಲಿಲ್ಲ. ವಿಷಯ ತಿಳಿಸಿ ಹೇಳಿದಾಗ ಅಜ್ಜನ ಮುಖ ಸಣ್ಣದಾಯಿತು.

"ಹಂಗಾರ ಆ ಹೆಣ್ಮಗಳ ಹೊಲ ನನ್ನ ಕೈಲೆ ಹೋಕ್ಕತಿ ಅಂದಂಗಾತು," ಅಂದರು.

"ನಿಮ್ಮ ಕೈಲೆ ಅಲ್ಲ, ನನ್ನ ಬಾಯಿಲೆ," ಅಂದೆ.

ಇಂಥ ವಿಷಯಗಳಲ್ಲಿ ನಾನು ಸಲಹೆ ಕೇಳುವ ಹಿರಿಯ ಪ್ರಾಧ್ಯಾಪಕರೊಬ್ಬರಿದ್ದಾರೆ. ಅವರಿಗೆ ಫೋನು ಮಾಡಿದೆ. "ಗ್ರಾಮಸಭೆಗೆ ಇನ್ನು ಹದಿನೈದು ದಿನವೂ ಇಲ್ಲ. ಮತ್ತೆ ತೋಡಿ, ಮತ್ತೆ ತೇಲಿಸಿ, ಯಾವಾಗ ಮುಗಿಸುತ್ತೀರಿ? ಮಾದರಿಗಳಲ್ಲಿ ಸ್ವಲ್ಪ ಬೆರಕೆ ಆಗಿರಬಹುದು ಅಂತ ಕೊನೆಯಲ್ಲಿ ಒಂದು ಸಾಲು ಬರೆಯಿರಿ. ಎಲ್ಲರೂ ಹಾಗೇ ಬರೆಯುತ್ತಾರೆ," ಅಂದರು. ಅವರ ಮಾತಿನಲ್ಲಿ ಕೆಟ್ಟ ಉದ್ದೇಶವಿರಲಿಲ್ಲ. ಆದರೆ ಆ ಕೊನೆಯ ಸಾಲನ್ನು ಆ ಊರಿನಲ್ಲಿ ಯಾರು ಓದುತ್ತಾರೆ? ಹೊಲ ಹೋಗುವುದು ಮೊದಲ ಸಾಲಿಗೇ. ಹತ್ತೂ ಡಬ್ಬಿಗಳ ಮಣ್ಣನ್ನು ಕಾಲೇಜಿನ ಹಿಂದಿನ ಬೇವಿನ ಬುಡಕ್ಕೆ ಸುರಿದು ಬಂದೆ. ಇಟ್ಟುಕೊಂಡಿದ್ದರೆ ಮನಸ್ಸು ಅದರ ಕಡೆಗೇ ಎಳೆಯುತ್ತಿತ್ತು.

ಮತ್ತೆ ಹೊಲಕ್ಕೆ ಹೋದಾಗ ಒಡತಿ ಬದುವಿನಲ್ಲೇ ತಡೆದರು. "ಇನ್ನೇನು ಉಳದೈತಿ ಅಂತ ಬಂದೀರಿ? ಹೇಳಾದು ಹೇಳೀರಲ್ಲ."

"ಹೇಳಿದ್ದು ತಪ್ಪಾತು ಅಕ್ಕಾರ," ಎಂದು ನಡೆದದ್ದನ್ನೆಲ್ಲ ಹೇಳಿದೆ. ಈರುಳ್ಳಿ ಸಿಪ್ಪೆಯನ್ನೂ ತೋರಿಸಿದೆ. ಅವರು ಅದನ್ನು ಅಂಗೈಯಲ್ಲಿ ಹಿಡಿದು ತಿರುವಿ ನೋಡಿದರು. ನಗು ಬಂದಿದ್ದರೆ ನಗಲಿ ಅನ್ನಿಸಿತು. ಅವರು ನಗಲಿಲ್ಲ.

"ಈ ಸಲ ನಾನೂ ನಿಂತು ನೋಡ್ತೀನಿ. ಮದ್ಲಿಂದ ಕಡೀತನಕ," ಅಂದರು.

ಜೊತೆಗೆ ಕರೆತಂದಿದ್ದ ಅಜ್ಜ ಬಾವಿಯನ್ನೊಂದು ಸುತ್ತು ಹಾಕಿ ಬಂದು ದಂಡೆಯ ಕಡೆಗೆ ಮುಖ ಮಾಡಿ ನಿಂತರು. ನಾನು ಹೊಲದಲ್ಲಿ ಗೆರೆ ಎಳೆಯುತ್ತಿದ್ದೆ.

"ನೀವು ಮ್ಯಾಲಿಂದ ಕೆಳಗ ಅಷ್ಟ ನೋಡಾಕ ಹತ್ತೀರಿ ಮೇಡಂ," ಅಂದರು. "ಹಗೇವು ತೋಡಾವ ಮದ್ಲು ಕೇಳಾದು ತ್ಯಾವ ಯಾವ ಕಡಿಂದ ಬರತೈತಿ ಅಂತ. ಮಳಿ ನೀರು ಮ್ಯಾಲಿಂದ ಬರತೈತಿ, ಖರೆ. ಆದ್ರ ಇಲ್ಲಿ ಹಿನ್ನೀರು ಕೆಳಗಿಂದ ಏರತೈತಿ. ಆ ಬಿರಕು ನೋಡ್ರಿ, ದಂಡಿಯಿಂದ ಹೊಂಟು ಬಾವಿ ಕಡೀಗೇ ಬಾಯಿ ತಕ್ಕೊಂಡು ಕುಂತಾವು."

ನಾನು ಗೆರೆ ಎಳೆಯುವುದನ್ನು ಬಿಟ್ಟು ಅವರ ಪಕ್ಕಕ್ಕೆ ಹೋಗಿ ನಿಂತೆ. ಕೈ ತೂರುವಷ್ಟು ಅಗಲದ ಬಿರುಕುಗಳು ಒಣಗಿದ ದಂಡೆಯ ತುಂಬ ಇದ್ದವು. ಕೆಲವುಗಳ ಬಾಯಲ್ಲಿ ಮೀನು ಹಿಡಿಯುವವರು ಹರಿದು ಬಿಟ್ಟುಹೋದ ನೀಲಿ ಬಲೆಯ ತುಣುಕುಗಳು ಸಿಕ್ಕಿಕೊಂಡಿದ್ದವು. ಎರೆ ಮಣ್ಣು ಒಣಗಿದಾಗ ಬಾಯಿ ಬಿಡುತ್ತದೆ, ನೀರು ಏರಿ ಬಂದಾಗ ಸಿಕ್ಕಿದ್ದನ್ನೆಲ್ಲ ನುಂಗುತ್ತದೆ, ನೆನೆದು ಉಬ್ಬಿ ಬಾಯಿ ಮುಚ್ಚುತ್ತದೆ. ಮುಂದಿನ ಬೇಸಿಗೆಗೆ ಮತ್ತೆ ತೆರೆಯುತ್ತದೆ. ಬಾವಿಯ ವಿಷಯದಲ್ಲಿ ನಾನು ಹೊಲವನ್ನು ಮಾತ್ರ ನೋಡಿದ್ದೆ, ಏಕೆಂದರೆ ನನಗೆ ಹೊಲವನ್ನು ಮಾತ್ರ ನೋಡಲು ಹೇಳಿದ್ದರು. ಅಲ್ಲೇ ಯೋಜನೆ ಬದಲಿಸಿದೆ. ದಂಡೆಯಿಂದ ಶುರುವಾಗಿ, ಬಾವಿಯನ್ನು ದಾಟಿ, ಹೊಲದ ನಡುವಿನವರೆಗೆ ಒಂದೇ ಸಾಲಿನಲ್ಲಿ ಐದು ಗುಂಡಿ. ಗೋಡೆ ಮೆತ್ತುವಂತಿಲ್ಲ. ಅಜ್ಜನಿಗೆ ಇದು ನುಂಗಲಾರದ ತುತ್ತಾಯಿತು. ಪ್ರತಿ ಗುಂಡಿ ಮುಗಿದಾಗಲೂ ಒರಟು ಗೋಡೆಯನ್ನು ನೋಡಿ ಮುಖ ತಿರುಗಿಸುತ್ತಿದ್ದರು.

"ಯಾರರ ಕೇಳಿದ್ರ ನಾನು ತೋಡಿದ್ದು ಅನಬ್ಯಾಡ್ರಿ," ಅಂದರು.

ಈ ಸಲ ಗೋಡೆಯನ್ನು ಒಂದು ಗೇಣು ಒಳಗೆ ಕೆತ್ತಿ ಮಣ್ಣು ತೆಗೆದೆ. ಒಡತಿ ಮಾತಿನಂತೆ ಮೊದಲಿಂದ ಕೊನೆಯವರೆಗೆ ನಿಂತರು. ಡಬ್ಬಿಗೆ ಮುಚ್ಚಳ ಹಾಕುವ ಮುನ್ನ ಪ್ರತಿಯೊಂದರಲ್ಲೂ ಇಣುಕಿದರು.

ಮಣ್ಣಿನೊಳಗಿನ ದಾರಿ ಕಾಣಬೇಕಾದರೆ ಬಣ್ಣದ ನೀರು ಹುಯ್ಯುವುದು ರೂಢಿ. ನನ್ನಲ್ಲಿ ಆ ಬಣ್ಣ ಇರಲಿಲ್ಲ, ತರಿಸಲು ಹೊತ್ತೂ ಇರಲಿಲ್ಲ. "ಸುಣ್ಣ ಐತಲ್ಲರಿ," ಅಂದರು ಅಜ್ಜ. ಬಾವಿಗೆ ಸುಣ್ಣ ಹಾಕುವುದು ಆ ಊರಿಗೆ ಹೊಸದಲ್ಲ, ಯಾರೂ ಬೇಡ ಅನ್ನಲಿಲ್ಲ. ಮೊದಲು ಹೊಲದ ಕಡೆಯ ಬಿರುಕಿಗೆ ತೆಳು ಸುಣ್ಣದ ನೀರು ಕೊಡಗಟ್ಟಲೆ ಹುಯ್ದು, ಬೆನ್ನು ಹಿಡಿದು ತೋಡಿದೆವು. ಕಪ್ಪು ಮಣ್ಣಿನಲ್ಲಿ ಬಿಳಿ ಗೆರೆ ಸರಸರನೆ ಎರಡೂವರೆ ಅಡಿ ಇಳಿದಿತ್ತು. ಅಲ್ಲಿ ಸಣ್ಣ ಕಲ್ಲು ಬೆರೆತ ಗರಸು ಮಣ್ಣಿನ ಗಟ್ಟಿ ಪದರ. ಗರಸು ಬಿರುಕು ಬಿಡುವುದಿಲ್ಲ. ಬಿಳಿ ಅದರ ಮೇಲೆ ಹರಡಿ ನಿಂತುಬಿಟ್ಟಿತ್ತು. ಬಾವಿಗೂ ಹೊಲಕ್ಕೂ ನಡುವೆ ಆ ಗರಸು ದಿಬ್ಬದಂತೆ ಎದ್ದಿತ್ತು, ಅದನ್ನು ದಾಟಿ ಬಿಳಿ ಒಂದು ಬೆರಳೂ ಮುಂದೆ ಹೋಗಿರಲಿಲ್ಲ.

ಆಮೇಲೆ ದಂಡೆಯ ಕಡೆ. ಬಾವಿಯಿಂದ ಹತ್ತು ಹನ್ನೆರಡು ಹೆಜ್ಜೆ ದೂರದ ಬಿರುಕಿಗೆ ಹುಯ್ದೆವು. ತೋಡುವ ಕೆಲಸವೇ ಬೀಳಲಿಲ್ಲ. ಬಾವಿಯೊಳಗೆ ಇಣುಕುತ್ತಿದ್ದ ಒಡತಿ "ಬಂತು! ಬಂತು ನೋಡ್ರಿ!" ಎಂದು ಕೂಗಿದರು. ಬಾವಿಯ ಒಣ ಕಲ್ಲುಗಳ ಸಂದಿಯಿಂದ ಬಿಳಿ ನೀರು ಒಸರಿ ಕೆಳಗಿಳಿಯುತ್ತಿತ್ತು. ನೀರಿಗೆ ಬಂದಿದ್ದ ನಾಲ್ಕಾರು ಹೆಂಗಸರು ಕೊಡ ಕೆಳಗಿಟ್ಟು ಬಗ್ಗಿ ನೋಡಿದರು. ಪಕ್ಕದ ಮನೆಯ ಸೊಸೆಯೂ ಇದ್ದಳು. ನೋಡಿದಳು, ಕೊಡ ಎತ್ತಿಕೊಂಡು ಹೋದಳು. ನನಗೋ ಕುಣಿಯುವಷ್ಟು ಸಂತೋಷ. ಒಮ್ಮೆ ಬಾಯಿ ಸುಟ್ಟಿದ್ದರಿಂದ ಈ ಸಲ ಯಾರಿಗೂ ಏನೂ ಹೇಳದೆ ಬಸ್ಸು ಹತ್ತಿದೆ. ಅಧ್ಯಕ್ಷರ ಫೋನು ಎರಡು ಸಲ ಬಂತು, ಎತ್ತಲಿಲ್ಲ.

ಪ್ರಯೋಗಶಾಲೆಯ ಲೆಕ್ಕ ಸುಣ್ಣದ ಜೊತೆ ಸರಿಹೊಂದಿತು. ಹೊಲದ ಗುಂಡಿಗಳಲ್ಲಿ ಬೆಳ್ಳಿ ಚೂರುಗಳು ಮೇಲ್ಗಡೆ ಹೆಚ್ಚಾಗಿದ್ದವು, ಬಿರುಕಿನ ಹಾದಿಯಲ್ಲಿ ಇಳಿದು ಗರಸಿನ ಮೇಲೆ ಕೂತಿದ್ದವು, ಅದರ ಕೆಳಗೆ ಇರಲಿಲ್ಲ. ದಂಡೆಯ ಗುಂಡಿಗಳಲ್ಲಿ ಬೆಳ್ಳಿ ಇಲ್ಲವೇ ಇಲ್ಲ, ಎಲ್ಲ ನೀಲಿ ಎಳೆಗಳು. ಬಾವಿಯ ನೀರಿನಲ್ಲೂ ಕಂಡದ್ದು ಬಹುಪಾಲು ಆ ನೀಲಿ ಎಳೆಗಳೇ. ಕೂದಲಿಗಿಂತ ತೆಳುವಾದದ್ದರಿಂದ ಅವು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮಿನುಗುವ ಬೆಳ್ಳಿ ಮಾತ್ರ ಬಿದ್ದಿತ್ತು.

ಹಾಗಾದರೆ ಬಾವಿಯಲ್ಲಿ ಅಷ್ಟಿಷ್ಟು ಬೆಳ್ಳಿಯಾದರೂ ಎಲ್ಲಿಂದ ಬಂತು? ಈ ಪ್ರಶ್ನೆಯನ್ನು ನುಂಗಿಕೊಂಡರೆ ಒಡತಿಗೆ ಪೂರ್ತಿ ಗೆಲುವು. ನುಂಗಿಕೊಳ್ಳಲು ಮನಸ್ಸಾಗಲಿಲ್ಲ. ಕೊಬ್ಬರಿ ಎಣ್ಣೆ ಸವರಿದ ಸ್ಟೀಲ್ ತಟ್ಟೆಗಳನ್ನು ಬಾವಿಕಟ್ಟೆಯ ಮೇಲೆ ನಾಲ್ಕು ದಿನ ಇಟ್ಟೆ. ಗಾಳಿ ಬೀಸಿದ ಮಧ್ಯಾಹ್ನಗಳ ನಂತರ ಎಣ್ಣೆಯಲ್ಲಿ ಬೆಳ್ಳಿ ಹೊಟ್ಟು ಅಂಟಿಕೊಂಡಿತ್ತು. ಬಿಸಿಲಿಗೆ ಪೇಪರಿನ ಅಂಚು ಗರಿಗರಿಯಾಗಿ ಪುಡಿಯುದುರುತ್ತದೆ, ಬಾವಿಗೆ ಕಟ್ಟೆಯಿದೆ, ಮುಚ್ಚಳವಿಲ್ಲ. ಮಣ್ಣು ಒಯ್ಯದಿದ್ದರೂ ಗಾಳಿ ಒಯ್ಯುತ್ತಿತ್ತು. ಇದನ್ನು ಒಡತಿಗೆ ತೋರಿಸಲು ಹೋದಾಗ ನನಗೆ ಸ್ವಲ್ಪ ಅಳುಕಿತ್ತು.

ಅವರು ತಟ್ಟೆಯನ್ನು ಬೆಳಕಿಗೆ ಹಿಡಿದರು. "ಇದು ನಂದ," ಅಂದರು. "ಇದನ್ನೂ ಸಭಾದಾಗ ಹೇಳ್ರಿ. ನಂದು ನಂದು ಅನ್ನಾಕ ನನಗೇನು ನಾಚಿಕಿಲ್ಲ. ನಂದಲ್ಲದ್ದು ನನ್ನ ಮ್ಯಾಲೆ ಹಾಕಬ್ಯಾಡ್ರಿ."

ಗ್ರಾಮಸಭೆ ಗುಡಿಯ ಕಟ್ಟೆಯ ಮೇಲೆ ನಡೆಯಿತು. ಮೊದಲೇ ಎದ್ದು ನಿಂತು ಹಿಂದೆ ಹೇಳಿದ್ದು ತಪ್ಪು, ನೋಡುವುದು ಮುಗಿಯುವ ಮೊದಲೇ ಬಾಯಿ ಬಿಟ್ಟೆ ಅಂದೆ. ಗುಂಡಿ ಹೇಗಿರಬೇಕು ಎಂದು ನಾನು ಸರಿಯಾಗಿ ಹೇಳಿರಲಿಲ್ಲ ಎಂದಷ್ಟೇ ಹೇಳಿ ಅಜ್ಜನ ಮಾತು ಎತ್ತದೆ ಮುಂದೆ ಹೋಗುವವಳಿದ್ದೆ. ಅಜ್ಜ ಕೂತಲ್ಲಿಂದಲೇ "ಗ್ವಾಡಿ ಮೆತ್ತಿದಾಂವ ನಾನು. ಪೂರಾ ಹೇಳ್ರಿ," ಅಂದರು. ಪೂರಾ ಹೇಳಿದೆ. ಸಭೆಯಲ್ಲಿ ನಗು ಎದ್ದಿತು, ಅಜ್ಜನೂ ನಕ್ಕರು. ಆಮೇಲೆ ಬಲೆಯ ಎಳೆ, ಸುಣ್ಣದ ದಾರಿ, ಎಣ್ಣೆ ತಟ್ಟೆ, ಎಲ್ಲವನ್ನೂ ಒಂದೊಂದಾಗಿ ತೋರಿಸಿದೆ. ಸುಣ್ಣದ ನೀರನ್ನು ಕಣ್ಣಾರೆ ಕಂಡ ಹೆಂಗಸರು ಅಲ್ಲೇ ಇದ್ದದ್ದರಿಂದ ಹೆಚ್ಚು ವಾದ ನಡೆಯಲಿಲ್ಲ.

ಹೊಲ ಬೀಳು ಬಿಡಿಸುವ ಮಾತು ಬಿತ್ತು. ಎರೆ ಬಿರುಕು ಬಿಡುವ ಮುಂಚೆ ಒಡತಿ ಪೇಪರನ್ನು ಅಂಚುಸಹಿತ ಎತ್ತಿಬಿಡಬೇಕು, ಮೀನು ಹಿಡಿಯುವವರು ಹರಿದ ಬಲೆಯನ್ನು ದಂಡೆಯಲ್ಲಿ ಬಿಡಬಾರದು, ಬಾವಿಗೆ ಮುಚ್ಚಳ ಆಗಬೇಕು, ಬಾವಿಯ ಸುತ್ತ ದಂಡೆಯ ಕಡೆಯ ಬಿರುಕುಗಳಿಗೆ ಪ್ರತಿ ಬೇಸಿಗೆ ಗರಸು ತುಂಬಬೇಕು ಎಂದು ಬರೆದುಕೊಂಡರು. ಅಧ್ಯಕ್ಷರು ನನಗೆ ಶಾಲು ಹೊದಿಸಲು ಬಂದರು. ಪಾಲಿಯೆಸ್ಟರ್ ಶಾಲು. ಹೊದ್ದುಕೊಂಡೆ.

ನನ್ನ ಕೆಲಸ ಮುಗಿಯಿತು ಎಂದುಕೊಂಡು ಚೀಲ ಎತ್ತಿಕೊಂಡೆ. ಒಡತಿ ಎದುರಿಗೆ ಬಂದು ನಿಂತರು. ಧನ್ಯವಾದ ಹೇಳಬಹುದು ಎಂದು ನಿರೀಕ್ಷಿಸಿದ್ದೆ, ಸುಳ್ಳೇಕೆ ಹೇಳಲಿ.

"ಬಸ್ಸಿಗೆ ಹೊತ್ತೈತೇನ್ರಿ?" ಎಂದು ಕೇಳಿದರು.

"ಇನ್ನೂ ಐತಿ."

"ಮದ್ಲ ನೀವು ಅಂದದ್ದು ಊರೆಲ್ಲ ಕೇಳೈತಿ. ತಪ್ಪಾತು ಅಂದದ್ದು ಈ ಕಟ್ಟಿ ಮ್ಯಾಲಿನ ಮಂದಿ ಅಷ್ಟ ಕೇಳ್ಯಾರ. ಸಭಾಕ್ಕ ಬರದವರ ಮನಿ ಭಾಳ ಅದಾವು. ಅಲ್ಲಿಗೂ ನೀವ ಬಂದು ಹೇಳ್ರಿ."

ಅವಮಾನವಾದಂತೆ ಅನ್ನಿಸಿತು. ಲಿಖಿತ ವರದಿ ಕೊಟ್ಟಾಗಿದೆ, ಸಭೆಯ ಮುಂದೆ ತಪ್ಪೊಪ್ಪಿಕೊಂಡಾಗಿದೆ, ಇನ್ನು ಬಾಗಿಲು ಬಾಗಿಲಿಗೆ ಹೋಗಿ ಹೇಳುವುದೇ? ಆದರೆ ಹೆಂಗಸರು ಕೊಡ ಎತ್ತಿಕೊಂಡು ಸರಿದದ್ದು ನನ್ನ ವರದಿ ಓದಿ ಅಲ್ಲ. ಐದು ಅಡಿ ಇಳಿದದ ಅನ್ನುವ ಮಾತು ಒಬ್ಬರ ಬಾಯಿಂದ ಒಬ್ಬರ ಕಿವಿಗೆ ಹೋದದ್ದರಿಂದಲೇ ಅವರ ಗುಮಾನಿ ಗಟ್ಟಿಯಾಗಿತ್ತು. ಶಾಲನ್ನು ಮಡಿಸಿ ಚೀಲಕ್ಕೆ ಹಾಕಿ ಹೊರಟೆ.

ಓಣಿ ಓಣಿ ತಿರುಗಿದೆವು. ಒಡತಿ ಪ್ರತಿ ಬಾಗಿಲಲ್ಲೂ ನನಗಿಂತ ಎರಡು ಹೆಜ್ಜೆ ಹಿಂದೆ ನಿಂತರು, ಒಂದು ಮಾತೂ ಸೇರಿಸಲಿಲ್ಲ. ಕೆಲವರು ಚಹಾ ಕುಡಿಯಿರಿ ಅಂದರು, ಕೆಲವರು "ಹಂಗೇನು?" ಎಂದಷ್ಟೇ ಅಂದು ಒಳಗೆ ಹೋದರು. ಮೂರನೆಯ ಮನೆ ದಾಟುವ ಹೊತ್ತಿಗೆ ನನಗೆ ಮಾತು ಸಲೀಸಾಯಿತು: "ನಾ ಮೊದಲ ಹೇಳಿದ್ದು ತಪ್ಪು. ಈ ಅಕ್ಕಾರ ಹೊಲದ ಮಣ್ಣಿನಾಗಿಂದ ಬಾವಿಗೆ ಏನೂ ಬರಂಗಿಲ್ಲ. ಗಾಳೀಲೆ ಒಂಚೂರು ಬರತಿತ್ತು, ಅದಕ್ಕ ಮುಚ್ಚಳ ಹಾಕ್ತಾರ." ಮಾತು ಸಲೀಸಾದರೂ ಮುಖದ ಬಿಸಿ ಮಾತ್ರ ಪ್ರತಿ ಬಾಗಿಲಲ್ಲೂ ಹೊಸದಾಗಿ ಏರುತ್ತಿತ್ತು.

ಕೊನೆಗೆ ಬಾವಿಯ ಪಕ್ಕದ ಮನೆ. ಸೊಸೆ ಅಂಗಳದಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಅವಳು ಸಭೆಗೆ ಬಂದಿರಲಿಲ್ಲ. ನಾನು ಹೇಳುವುದನ್ನೆಲ್ಲ ಮೊರದಿಂದ ಕಣ್ಣೆತ್ತದೆ ಕೇಳಿದಳು. ಹೇಳಿ ಮುಗಿಸಿದೆ. ಅವಳು ಮೊರವನ್ನು ಇನ್ನೊಂದು ಸಲ ಕೇರಿದಳು. ಇನ್ನೇನು ಹೊರಡಬೇಕು ಅನ್ನುವಾಗ ಸೊಸೆ ತಲೆಯೆತ್ತಿ, ನನ್ನನ್ನು ದಾಟಿ ಹಿಂದೆ ನಿಂತಿದ್ದ ಒಡತಿಯನ್ನು ನೋಡಿದಳು.

"ಯಕ್ಕಾ," ಅಂದಳು, "ನಾಳಿ ನೀರಿಗೆ ಹೋಗಾಗ ಕೂಗು."